ನಲವತ್ತೊಂದನೆಯ ಜಾಗ

ಸಿಟ್ಟಿನಲ್ಲಿದ್ದಾಗ ಏನನ್ನೂ ಹೇಳಬೇಡ, ಇಳಿದ ಮೇಲೆ ಹೇಳು ಎನ್ನುತ್ತಾಳೆ ನನ್ನ ಹೆಂಡತಿ ಸಾಕಮ್ಮ. ಅವಳ ಮಾತು ಕೇಳಿದರೆ ಇದನ್ನು ನಾನು ಹೇಳುವುದೇ ಇಲ್ಲ. ಆರು ತಿಂಗಳಾಯಿತು, ಈಗಲೂ ಹೊಲದ ಮೂಲೆಯ ಆ ಕಲ್ಲುಕಂಬ ಕಣ್ಣಿಗೆ ಬಿದ್ದರೆ ನನ್ನ ಕೈ ತಾನಾಗಿ ಹಾರೆ ಹುಡುಕುತ್ತದೆ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಒಬ್ಬರ ಹೆಸರು ಹೇಳಿ ಮುಗಿಸುವ ಹಾಗೂ ಇಲ್ಲ. ಪಟ್ಟಿಯಲ್ಲಿ ನಾನೂ ಇದ್ದೇನೆ. ಅದಕ್ಕೇ ಸಿಟ್ಟಿನಲ್ಲೇ ಹೇಳುತ್ತೇನೆ, ಕೇಳಿ.

ನಮ್ಮೂರ ಕೆರೆಯ ತೂಬಿನಿಂದ ಹೊರಟ ಕಾಲುವೆ ಒಂದು ದುಂಡು ಗುಡ್ಡವನ್ನು ಪೂರ್ತಿ ಸುತ್ತಿಕೊಂಡು ಬಂದು, ಹೊರಟಲ್ಲಿಗೆ ಹತ್ತು ಮಾರು ದೂರದಲ್ಲಿ ಮುಗಿದುಹೋಗುತ್ತದೆ. ಅದರ ಉದ್ದಕ್ಕೂ ನಲವತ್ತೊಂದು ಹೊಲ, ನಲವತ್ತೊಂದು ಮನೆಯವರದ್ದು. ಯಾವುದೂ ಎರಡು ಎಕರೆ ದಾಟುವುದಿಲ್ಲ. ತೂಬಿನ ಬಾಯಲ್ಲಿರುವುದು ಒಂದನೆಯ ಜಾಗ, ಅಲ್ಲಿ ಭತ್ತ. ಸುತ್ತು ಸಾಗಿದಷ್ಟೂ ನೀರು ಸಣ್ಣದಾಗುತ್ತದೆ. ಹದಿನೈದು ದಾಟಿದರೆ ರಾಗಿ, ಮೆಣಸಿನಕಾಯಿ. ಮೂವತ್ತು ದಾಟಿದರೆ ಸಜ್ಜೆ, ನವಣೆ. ನಲವತ್ತೊಂದರಲ್ಲಿ ಹುರುಳಿ ಬಂದರೆ ಬಂತು. ನಲವತ್ತೊಂದಕ್ಕೂ ಒಂದಕ್ಕೂ ನಡುವೆ ಇರುವುದು ಒಂದೇ ಒಂದು ಬದು. ಕೊನೆಯ ಜಾಗದಲ್ಲಿ ಹುರುಳಿ ಕೀಳುವವರಿಗೆ ಆಚೆಯ ಗದ್ದೆಯಲ್ಲಿ ಕಪ್ಪೆ ವಟಗುಟ್ಟುವುದು ಕೇಳಿಸುತ್ತದೆ.

ಯುಗಾದಿ ಕಳೆದ ಮೊದಲ ಸೋಮವಾರ ಬೆಳಗ್ಗೆ, ಹಸು ಕರೆದಾದ ಮೇಲೆ, ಹೊಲಗಳು ಒಂದೊಂದು ಜಾಗ ಮುಂದಕ್ಕೆ ಸರಿಯುತ್ತವೆ. ಒಂದರಲ್ಲಿದ್ದುದು ಎರಡಕ್ಕೆ, ಎರಡರದ್ದು ಮೂರಕ್ಕೆ, ಹಾಗೇ ಸಾಗಿ ಕೊನೆಯದು ಬದು ದಾಟಿ ತೂಬಿನ ಬಾಯಿಗೆ ಬಂದು ಕೂರುತ್ತದೆ. ಒಂದು ಲೋಟ ಅಂಬಲಿ ಕುಡಿಯುವಷ್ಟು ಹೊತ್ತಿನ ಕೆಲಸ. ಹೊಲದ ಮಣ್ಣು, ಮರ, ಹುತ್ತ ಎಲ್ಲ ಜೊತೆಗೇ ಹೋಗುತ್ತವೆ. ಕಾಲುವೆ ಮಾತ್ರ ಇದ್ದಲ್ಲೇ ಇರುತ್ತದೆ. ಆ ದಿನ ನಾವೆಲ್ಲ ಬೀಜದ ಕುಕ್ಕೆ ಹೊತ್ತುಕೊಂಡು ಕಾಲುವೆ ಏರಿಯ ಮೇಲೆ ನಿಂತಿರುತ್ತೇವೆ. ಹೊಲ ಸರಿದು ನಿಂತ ಮೇಲೆ, ಜಾಗ ಬಿಟ್ಟವರು ಅಲ್ಲಿ ಬೆಳೆದ ಬೀಜವನ್ನು ಆ ಜಾಗಕ್ಕೆ ಬಂದವರ ಕೈಗೆ ಕೊಡಬೇಕು. ಭತ್ತದ ಬೀಜ ಒಂದನೆಯ ಜಾಗದಲ್ಲೇ ಉಳಿಯುತ್ತದೆ, ಹುರುಳಿಯ ಬೀಜ ಕೊನೆಯದರಲ್ಲಿ. ಸರಿಯುವವರು ನಾವು.

ಇನ್ನೊಂದು ಪದ್ಧತಿ ತೂಬು ಎತ್ತುವ ದಿನದ್ದು. ಒಂದನೆಯ ಜಾಗದವರು ವರ್ಷದ ಮೊದಲ ನೀರನ್ನು ಕೊಡದಲ್ಲಿ ಹಿಡಿದು, ತಮ್ಮ ಹೊಲಕ್ಕೆ ಒಂದು ಹನಿ ಬೀಳಿಸುವ ಮೊದಲು ಬದು ದಾಟಿ ನಲವತ್ತೊಂದನೆಯ ಜಾಗಕ್ಕೆ ಸುರಿಯಬೇಕು. ‘ಮುಂದಿನ ವರ್ಷ ನಿಮ್ದು’ ಎನ್ನಬೇಕು. ಒಂದು ಕೊಡ ನೀರಿನಿಂದ ಹುರುಳಿ ಗಿಡಕ್ಕೆ ಏನೂ ಆಗುವುದಿಲ್ಲ. ಆದರೂ ಆ ಮಾತು ಕೇಳಲು ಊರೇ ಸೇರುತ್ತಿತ್ತು.

ಹೋದ ವರ್ಷಕ್ಕೆ ಹಿಂದಿನ ವರ್ಷ ನಾನು ಕೊನೆಯ ಜಾಗದಲ್ಲಿದ್ದೆ. ನಲವತ್ತರಲ್ಲಿ ಸಣ್ಣೀರಮ್ಮ. ನನಗಿಂತ ಐದಾರು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತೇನೆ, ಅವಳು ನನ್ನನ್ನು ತಮ್ಮಯ್ಯ ಎನ್ನುತ್ತಾಳೆ. ಮದುವೆಯಾಗಿ ಬಂದ ವರ್ಷ ಅವಳ ಗಂಡನ ಹೊಲ ಎರಡನೆಯ ಜಾಗದಲ್ಲಿತ್ತಂತೆ. ಅಲ್ಲಿಂದ ವರ್ಷಕ್ಕೊಂದು ಹೆಜ್ಜೆ ಇಳಿದು ಇಳಿದು, ಗಂಡನನ್ನು ಇಪ್ಪತ್ತೇಳನೆಯ ಜಾಗದಲ್ಲಿದ್ದಾಗ ಜ್ವರಕ್ಕೆ ಕಳೆದುಕೊಂಡು, ಒಬ್ಬಳೇ ಉಳುತ್ತ ಅಲ್ಲಿಗೆ ಬಂದಿದ್ದಳು. ನನ್ನ ಹುರುಳಿ ಮೊಳಕೆಯಲ್ಲೇ ಬಾಡತೊಡಗಿದಾಗ ಅವಳೇ ಬಂದು ತೋರಿಸಿಕೊಟ್ಟಳು: ಗಿಡದ ಬುಡಕ್ಕೆ ಬೆಳಗಿನ ಬಿಸಿಲು ಬೀಳುವ ಕಡೆ ಒಂದು ಚಪ್ಪಟೆ ಕಲ್ಲು ಇಡು, ಇಬ್ಬನಿ ಅದರಡಿ ಮಧ್ಯಾಹ್ನದ ತನಕ ನಿಲ್ಲುತ್ತದೆ ಎಂದು. ಮೂರು ದಿನ ನನ್ನ ಜೊತೆ ಬಗ್ಗಿ ಕಲ್ಲು ಇಟ್ಟಳು. ಆ ವರ್ಷ ನಮ್ಮ ಮನೆಯಲ್ಲಿ ಹುರುಳಿ ಬೆಂದದ್ದು ಅವಳಿಂದ.

ಹೋದ ವರ್ಷ ನನ್ನ ಹೊಲ ತೂಬಿನ ಬಾಯಿಗೆ ಬಂತು, ಅವಳದ್ದು ಕೊನೆಗೆ ಹೋಯಿತು. ಎಷ್ಟೋ ವರ್ಷದ ಮೇಲೆ ನಾನು ಮತ್ತೆ ಭತ್ತ ಕೊಯ್ದೆ. ಅವಳು ಬದುವಿನ ಆಚೆಯಿಂದ ನೋಡಿ ನಗುತ್ತಿದ್ದಳು. “ಚೆನ್ನಾಗಿರೋದನ್ನ ಬೀಜಕ್ಕೆ ಇಡು ತಮ್ಮಯ್ಯ, ನಂಗೆ ಬತ್ತದೆ ಅದು” ಎನ್ನುತ್ತಿದ್ದಳು. ಕೆಸರು ಗದ್ದೆ ಮಟ್ಟ ಹೊಡೆಯುವ ಹಲಗೆಯನ್ನು ಅಟ್ಟದಿಂದ ಇಳಿಸಿ, ಹೊಂಗೆ ಎಣ್ಣೆ ಸವರಿ, ಜಗಲಿಯ ಗೋಡೆಗೆ ಒರಗಿಸಿಟ್ಟಿದ್ದಳು. ಹೋಗಿ ಬರುವವರೆಲ್ಲ ನೋಡುತ್ತಿದ್ದರು. ನಾನು ತೆನೆ ಆರಿಸಿ, ಕೈಯಲ್ಲೇ ಉದುರಿಸಿ, ಬೇವಿನ ಸೊಪ್ಪು ಹಾಕಿ ಒಂದು ಕುಕ್ಕೆ ಭತ್ತ ಅವಳಿಗೆಂದೇ ಕಟ್ಟಿಟ್ಟೆ.

ಸುಗ್ಗಿ ಮುಗಿಯುವ ಹೊತ್ತಿಗೆ ಯೋಜನೆ ಬಂತು. ಜೀಪಿನಲ್ಲಿ ಬಂದವರು ಯೋಜನಾಧಿಕಾರಿ ಪ್ರಾಣೇಶ್ ಸಾಹೇಬರು. ಸಣ್ಣ ರೈತರನ್ನು ಮೇಲೆತ್ತುವ ಯೋಜನೆ ಅದು. ಅವರು ಒಳ್ಳೆಯ ಮನುಷ್ಯ, ಅದೇ ನನಗೆ ಇನ್ನೂ ಉರಿಯುವುದು. ಕೆಟ್ಟವರಾಗಿದ್ದರೆ ಎರಡು ಮಾತಾಡಿ ಕಳಿಸಬಹುದಿತ್ತು. ಇವರು ನಮ್ಮ ಜಗಲಿಯಲ್ಲಿ ಕಾಲು ಮಡಿಸಿ ಕೂತು ಮುದ್ದೆ ಉಂಡರು, ಸಾಕಮ್ಮನ ಬಸ್ಸಾರನ್ನು ಎರಡು ಸಲ ಕೇಳಿ ಹಾಕಿಸಿಕೊಂಡರು, ಎಲ್ಲರ ಹೆಸರನ್ನೂ ನೆನಪಿಟ್ಟುಕೊಂಡರು. ಆಮೇಲೆ ಟ್ಯಾಬು ತೆಗೆದು ಕೇಳಿದರು.

“ಗಿರಿಯಣ್ಣ, ಇವತ್ತು ಇಲ್ಲಿರೋ ಹೊಲ ಮುಂದಿನ ವರ್ಷ ಅಲ್ಲಿದ್ರೆ ನಾನು ನಕ್ಷೆ ಹೇಗೆ ಮಾಡ್ಲಿ? ಪೈಪು ಎಲ್ಲಿ ಹಾಕ್ಸಲಿ? ಇದು ನನ್ನದೇ ಅನ್ನೋ ಒಂದು ಜಾಗ ಇದ್ರೆ ತಾನೇ ನೀವು ಅದಕ್ಕೆ ಗೊಬ್ಬರ ಹಾಕೋದು, ಬದು ಕಟ್ಟೋದು?”

“ಹಾಕ್ತಾನೇ ಇದೀವಲ್ಲ ಸಾರ್. ಮಣ್ಣು ನಮ್ದೇ. ಎಲ್ಲೋದ್ರೂ ನಮ್ ಜೊತೇಲೇ ಬತ್ತದೆ.”

ಸಾಹೇಬರು ಏನೋ ಬರೆದುಕೊಂಡರು. ಅದು ನಾನು ಹೇಳಿದ್ದಲ್ಲ ಎಂದು ಆಗಲೇ ನನಗೆ ಅನುಮಾನ ಬರಬೇಕಿತ್ತು. ಅವರು ಒಂದೊಂದು ಹೊಲಕ್ಕೂ ಹೋಗಿ ಇದು ಯಾರದು, ಇದು ಯಾರದು ಎಂದು ಕೇಳಿದರು. ನಾವು ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಈ ವರ್ಷದ ಮಟ್ಟಿಗೆ ಕೇಳುತ್ತಿದ್ದಾರೆ ಎಂದುಕೊಂಡೆವು. ನಮ್ಮೂರಲ್ಲಿ ಜಾಗದ ಮಾತು ಬಂದರೆ ಯಾವಾಗಲೂ ಅದು ಈ ವರ್ಷದ ಮಟ್ಟಿಗೇ ಇರುತ್ತದೆ. ಹೆಬ್ಬೆಟ್ಟು ಒತ್ತುವವರು ಒತ್ತಿದರು, ಸಹಿ ಬರುವವರು ಹಾಕಿದರು.

ಹದಿನೈದು ದಿನಕ್ಕೆ ಟ್ರ್ಯಾಕ್ಟರಿನಲ್ಲಿ ನೂರ ಅರವತ್ತನಾಲ್ಕು ಕಲ್ಲುಕಂಬ ಬಂದವು. ಹೊಲಕ್ಕೆ ನಾಲ್ಕರಂತೆ. ಪಕ್ಕಪಕ್ಕದ ಹೊಲಕ್ಕೆ ಒಂದೇ ಕಂಬ ಸಾಕಲ್ಲವೇ ಎಂದರೆ, ಯೋಜನೆಯಲ್ಲಿ ನಾಲ್ಕು ಎಂದಿದೆ ಎಂದರು. ಹಾಗಾಗಿ ಒಂದೊಂದು ಮೂಲೆಯಲ್ಲೂ ಎರಡೆರಡು ಕಂಬ ಜೋಡಿ ನಿಂತವು. ನಾವು ನೋಡಿ ನಕ್ಕೆವು. ನಗುವ ಹಾಗೇ ಇದ್ದವು, ನಿಜ.

ತಂದ ಮೇಸ್ತ್ರಿ ಎರಡು ಅಡಿ ಗುಂಡಿ ಸಾಕು ಎಂದ. ನಮಗೆ ಅದು ಒಗ್ಗಲಿಲ್ಲ. ನಮ್ಮೂರಲ್ಲಿ ಹೊಲದಲ್ಲಿ ಒಂದು ಸಸಿ ನೆಟ್ಟರೂ ಆಳಕ್ಕೆ ನೆಡುತ್ತೇವೆ. ಇಲ್ಲದಿದ್ದರೆ ಹೊಲ ಸರಿಯುವ ದಿನ ಬುಡಮೇಲಾಗಿ ಬೀಳುತ್ತದೆ. ಬಂದವರು ಕೊಟ್ಟ ಕಂಬ ಮೊದಲ ವರ್ಷವೇ ಬಿದ್ದರೆ ನಮಗೆ ಮರ್ಯಾದೆಯೇ? ಅದಕ್ಕೆ ನಾವೇ ಹಾರೆ ಹಿಡಿದು ನಾಲ್ಕು ಅಡಿ, ಐದು ಅಡಿ, ಅಡಿಯ ಬಂಡೆ ಠಣ್ ಎನ್ನುವ ತನಕ ಅಗೆದೆವು. ಬಂಡೆಗೇ ತೂತು ಹೊಡೆದು ಕಂಬ ಕೂರಿಸಿ ಸಿಮೆಂಟು ತುಂಬಿದೆವು. ಮೇಸ್ತ್ರಿ ಬಾಯಿ ಬಿಟ್ಟುಕೊಂಡು ನೋಡಿದ. ಸಣ್ಣೀರಮ್ಮ ಎಲ್ಲರಿಗೂ ಮಜ್ಜಿಗೆ ತಂದು ಕೊಟ್ಟಳು, ತನ್ನ ಹೊಲದ ನಾಲ್ಕು ಗುಂಡಿಗೂ ತಾನೇ ನಿಂತು ಕಲ್ಲು ಜಡಿಸಿದಳು. ಸರಿಯುವುದು ಮೇಲಿನ ಮಣ್ಣು, ಅಡಿಯ ಬಂಡೆಯಲ್ಲ ಎನ್ನುವುದು ನಲವತ್ತೊಂದು ಮನೆಯಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಎರಡು ಅಡಿಗೆ ನಿಲ್ಲಿಸಿದ್ದರೆ ಕಂಬಗಳು ಮಣ್ಣಿನ ಜೊತೆ ಹೋಗಿಬಿಡುತ್ತಿದ್ದವು. ನಮ್ಮ ನೆಲಕ್ಕೆ ಮೊಳೆ ಹೊಡೆದವರು ನಾವೇ, ಅದೂ ಅಚ್ಚುಕಟ್ಟಾಗಿ.

ಯುಗಾದಿ ಕಳೆದು ಸೋಮವಾರ ಬಂತು. ಕುಕ್ಕೆ ಹೊತ್ತು ಏರಿಯ ಮೇಲೆ ನಿಂತೆವು. ಸಣ್ಣೀರಮ್ಮ ಮದುವೆಯ ಸೀರೆ ಉಟ್ಟು, ತಲೆಗೆ ಕನಕಾಂಬರ ಮುಡಿದು, ಆ ಹಲಗೆಯನ್ನೂ ಹೊತ್ತು ತಂದಿದ್ದಳು. ನೆಲ ಗುಡುಗುಟ್ಟಿತು. ಹೊಲಗಳ ಅಂಚಿನ ಹುಲ್ಲು ಅಲ್ಲಾಡಿತು. ಕಂಬಗಳು ಕಿರ್ ಎಂದವು, ಒಂದೆರಡರಿಂದ ಚಕ್ಕೆ ಎದ್ದಿತು. ಆಮೇಲೆ ಎಲ್ಲ ನಿಂತುಹೋಯಿತು. ನಾವು ಇನ್ನೂ ಕಾದೆವು. ಬಿಸಿಲು ಏರಿತು. ಯಾರೋ ಕೆಮ್ಮಿದರು. ಎರಡನೆಯ ಜಾಗದ ಬೋರಲಿಂಗಯ್ಯ ಮೊದಲು ಕುಕ್ಕೆ ಎತ್ತಿಕೊಂಡು ಮನೆ ಕಡೆ ತಿರುಗಿದ. ಅವನ ಹಿಂದೆ ಮೂರರವರು, ನಾಲ್ಕರವರು. ನೆನಪು ಬಂದಾಗಿನಿಂದ ಮೊದಲ ಸಲ ಎಲ್ಲರೂ ತಂತಮ್ಮ ಬೀಜವನ್ನು ತಾವೇ ಹೊತ್ತು ಹಿಂದಕ್ಕೆ ಹೋದೆವು. ನನ್ನ ಕುಕ್ಕೆಯನ್ನು ಅವಳ ಕೈಗೆ ಕೊಡಲು ಹೋದೆ. “ಎಲ್ಲಿ ಬಿತ್ಲಿ ತಮ್ಮಯ್ಯ ಇದನ್ನ?” ಎಂದಳು. ಹಲಗೆ ಎತ್ತಿ ಹೆಗಲಿಗಿಟ್ಟು ಹೊರಟಳು.

ಸಾಹೇಬರಿಗೆ ಹೇಳಿದೆವು. ಅವರು ಮೇಲಿನವರಿಗೆ ಬರೆದರು. ಉತ್ತರ ಬಂತು: ಯೋಜನೆಯ ಅವಧಿ ಏಳು ವರ್ಷ, ಅಲ್ಲಿಯ ತನಕ ಕಂಬ ಕೀಳುವಂತಿಲ್ಲ, ಮುಟ್ಟಿದರೆ ಕೇಸು. ಭೂಮಿಯು ಸ್ಥಿರಗೊಂಡಿರುವುದು ಯೋಜನೆಯ ಮೊದಲ ಸಾಧನೆಯಾಗಿದೆ ಎಂದೂ ಅದರಲ್ಲಿ ಇತ್ತು. ಓದಿ ಹೇಳುವಾಗ ಪಾಪ ಸಾಹೇಬರು ಎರಡು ಸಲ ತಡವರಿಸಿದರು. ತಡವರಿಸಿದರೆ ನಮಗೇನಾಗಬೇಕು? ಓದಿದ ಮೇಲೆ ಅದನ್ನೇ ಮಡಿಚಿ ಫೈಲಿನಲ್ಲಿಟ್ಟುಕೊಂಡು ಜೀಪು ಹತ್ತಿದರು.

ಸಣ್ಣೀರಮ್ಮ ಅರಳಿಕಟ್ಟೆಗೆ ಊರನ್ನು ಕರೆಸಿದಳು. ಅವಳು ಹೆಚ್ಚು ಕೇಳಲಿಲ್ಲ. ಎಲ್ಲರೂ ಸೇರಿ ಕಂಬ ಕಿತ್ತರೆ ಯಾರ ಮೇಲೆ ಕೇಸು ಹಾಕುತ್ತಾರೆ, ಕೀಳೋಣ ಎಂದಳು.

ಬೋರಲಿಂಗಯ್ಯ ಎದ್ದು ನಿಂತ. “ಅಕ್ಕಾ, ನಿನ್ ಕಷ್ಟ ನಂಗೆ ಅರ್ತ ಆಯ್ತದೆ. ಆದ್ರೆ ಬಂಡೇಲಿ ಕೂತಿರೋ ಕಲ್ಲು, ಮೇಲೆ ಕಾನೂನು ಬ್ಯಾರೆ. ಏಳೇ ಏಳು ವರ್ಸ. ಕಣ್ ಮುಚ್ಚಿ ಬುಡದ್ರೊಳಗೆ ಹೋಯ್ತದೆ.”

“ಏಳು ವರ್ಸಕ್ಕೆ ನಂಗೆ ಅರವತ್ನಾಕು ಆಯ್ತದೆ ಬೋರಲಿಂಗಯ್ಯ. ಆವಾಗ ಕೆಸರಲ್ಲಿ ಬಗ್ಗಕ್ಕೆ ನಿನ್ ಸೊಂಟ ಕೊಡ್ತೀಯಾ?”

ಒಂದಿಬ್ಬರು ನಕ್ಕರು. ಆಮೇಲೆ ಕೈ ಎತ್ತಲು ಹೇಳಿದರು. ಕೀಳೋಣ ಎನ್ನುವ ಕಡೆಗೆ ಆರು ಕೈ ಎದ್ದವು, ಎಲ್ಲ ಮೂವತ್ತೈದರ ಆಚೆಯವರದ್ದು. ಉಳಿದವರು ನೆಲ ನೋಡುತ್ತಿದ್ದರು. ನನಗೆ ಆಗ ಅರ್ಥವಾಯಿತು. ಹೊಲ ಸರಿಯುವ ದಿನ ನಲವತ್ತು ಮಂದಿ ಒಂದೊಂದು ಹೆಜ್ಜೆ ಕೆಳಗಿಳಿಯುತ್ತಾರೆ, ಒಬ್ಬರು ಮಾತ್ರ ಮೇಲೆ ಬರುತ್ತಾರೆ. ಹೊಲ ಸರಿಯದಿದ್ದರೆ ನಲವತ್ತು ಮಂದಿಗೆ ಈ ವರ್ಷಕ್ಕೆ ಏನೂ ನಷ್ಟವಿಲ್ಲ. ಹದಿನಾಲ್ಕರವನಿಗೆ ಹದಿನಾಲ್ಕೇ ಸಾಕು, ಹದಿನೈದು ಯಾಕೆ? ಇಪ್ಪತ್ತರವಳಿಗೂ ಹಾಗೇ. ತಲೆ ತಗ್ಗಿಸಿದವರು ಯಾರೂ ಅವಳಿಗೆ ಕೇಡು ಬಯಸಿದವರಲ್ಲ, ಆದರೆ ಎಲ್ಲರ ತಲೆಯೂ ತಗ್ಗಿತ್ತು. ಮುಂದಿನ ವರ್ಷವೂ ಲೆಕ್ಕ ಇದೇ, ಅದರ ಮುಂದಿನ ವರ್ಷವೂ ಇದೇ. ಏಳು ವರ್ಷದ ಮೇಲೆ ಸರಿಯುವ ದಿನ ಒಂದಿತ್ತು ಎಂದು ಬಾಯಿ ಬಿಡಲೂ ಯಾರಿಗೂ ಮನಸ್ಸಿರುವುದಿಲ್ಲ.

ನನ್ನ ಕೈ? ನನ್ನ ಕೈ ತೊಡೆಯ ಮೇಲೆಯೇ ಇತ್ತು. ಎರಡನೆಯ ಜಾಗಕ್ಕೆ ಹೋದರೂ ನಾನು ಭತ್ತವನ್ನೇ ಬೆಳೆಯುತ್ತಿದ್ದೆ. ನನಗೆ ಹೋಗುವುದು ಏನೂ ಇರಲಿಲ್ಲ. ಆದರೂ ಎತ್ತಲಿಲ್ಲ. ಮನೆಗೆ ಬಂದ ಮೇಲೆ ಸಾಕಮ್ಮ ತಟ್ಟೆಯನ್ನು ನನ್ನ ಮುಂದೆ ಇಟ್ಟ ರೀತಿಯಲ್ಲೇ ಗೊತ್ತಾಯಿತು, ಅವಳೂ ನೋಡಿದ್ದಾಳೆ ಎಂದು. “ಆವಮ್ಮ ಇಟ್ಕೊಟ್ಟ ಕಲ್ಲಿನ ಹುರುಳಿ ಉಂಡಿದ್ಯಲ್ಲ, ಅರಗ್ತಾ?” ಎಂದಳು.

ಅಷ್ಟರಲ್ಲಿ ನನ್ನನ್ನು ಮಾದರಿ ರೈತ ಮಾಡಿದರು. ಯಾಕೆಂದರೆ ನಲವತ್ತೊಂದು ಹೊಲದಲ್ಲಿ ನನ್ನ ಹೊಲ ಅತಿ ಹೆಚ್ಚು ಬೆಳೆದಿತ್ತು. ಬೆಳೆಯದೆ? ತೂಬು ಅದರ ಬಾಯಿಗೇ ಬಿಡುತ್ತದೆ, ನಾನು ಅಲ್ಲಿ ಮಲಗಿಕೊಂಡಿದ್ದರೂ ಭತ್ತ ಬರುತ್ತಿತ್ತು. ಹೊಲದ ಮುಂದೆ ಹಸಿರು ಬೋರ್ಡು ನೆಟ್ಟರು, ನನಗೆ ಶಾಲು ಹೊದಿಸಿದರು, ಫೋಟೋ ತೆಗೆದರು. ಬದುವಿನ ಆಚೆ ಸಣ್ಣೀರಮ್ಮನ ಹೊಲಕ್ಕೆ ಹಳದಿ ಬೋರ್ಡು: ಹಿಂದುಳಿದ ತಾಕು. ಅವಳ ಹೊಲಕ್ಕೂ ಎಲ್ಲರ ಹಾಗೆ ಹನಿ ನೀರಾವರಿಯ ಪೈಪು ಎಳೆದಿದ್ದರು. ಹನಿಸುವುದಕ್ಕೆ ಅದರಲ್ಲಿ ನೀರೇ ಬರುವುದಿಲ್ಲ. ಅವಳು ಒಂದು ತುಂಡು ಕತ್ತರಿಸಿ ಕರು ಕಟ್ಟುವ ಹಗ್ಗ ಮಾಡಿಕೊಂಡಿದ್ದಳು.

ಒಂದು ದಿನ ಶಾಲೆಯ ಅಂಗಳದಲ್ಲಿ ತರಬೇತಿ ಇಟ್ಟರು. ವಿಷಯ: ಕಡಿಮೆ ನೀರಿನಲ್ಲಿ ಬೇಸಾಯ. ಹಿಂದುಳಿದ ತಾಕಿನವರು ಕಡ್ಡಾಯವಾಗಿ ಬರಬೇಕು. ಕಲಿಸುವವರು ಮಾದರಿ ರೈತ ಗಿರಿಯಣ್ಣ, ಅಂದರೆ ನಾನು. ಸಣ್ಣೀರಮ್ಮ ಮೊದಲ ಸಾಲಿನ ಚಾಪೆಯ ಮೇಲೆ, ಕೊರಳಿಗೆ ಅವರು ಹಾಕಿದ ಹೆಸರಿನ ಚೀಟಿಯ ಸಮೇತ ಕೂತಿದ್ದಳು. ಸಾಹೇಬರು ನನ್ನ ಕೈಗೆ ಮೈಕು ಕೊಟ್ಟರು.

ಮೈಕನ್ನು ಎರಡು ಸಲ ತಟ್ಟಿ ನೋಡಿದೆ. ಕೊನೆಗೆ, “ಗಿಡದ ಬುಡಕ್ಕೆ ಬೆಳಗಿನ ಬಿಸಿಲು ಬೀಳೋ ಕಡೆ ಒಂದು ಚಪ್ಪಟೆ ಕಲ್ಲು ಇಡಬೇಕು” ಎಂದೆ.

“ಬಹಳ ಒಳ್ಳೇ ಐಡಿಯಾ!” ಎಂದು ಸಾಹೇಬರು ಚಪ್ಪಾಳೆ ತಟ್ಟಿದರು. “ನೋಡಿ ಸಣ್ಣೀರಮ್ಮನವರೇ, ಇಂಥದನ್ನ ನೀವು ಕಲಿಯಬೇಕು.”

ಸಣ್ಣೀರಮ್ಮ ನನ್ನನ್ನೇ ನೋಡುತ್ತಿದ್ದಳು. “ಕಲೀತೀನಿ ಸಾರ್” ಎಂದಳು. “ನಮ್ ತಮ್ಮಯ್ಯ ಚೆನ್ನಾಗಿ ಹೇಳ್ಕೊಡ್ತಾನೆ.”

ಅದು ಅಕ್ಕನೇ ನನಗೆ ಕಲಿಸಿದ್ದು ಎಂದು ಆ ಮೈಕಿನಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಆವತ್ತು ಮನೆಗೆ ಬಂದು ಶಾಲನ್ನು ಎತ್ತಿನ ಮೈ ಒರೆಸಲು ಕೊಟ್ಟುಬಿಟ್ಟೆ. ಅದರಿಂದ ಸಣ್ಣೀರಮ್ಮನಿಗೆ ಏನಾಯಿತು ಎಂದು ಸಾಕಮ್ಮ ಕೇಳಿದಳು. ಏನೂ ಆಗಲಿಲ್ಲ.

ಮಳೆ ಬಂದು ಕೆರೆ ತುಂಬಿತು. ತೂಬು ಎತ್ತುವ ದಿನ ಬೆಳಗ್ಗೆ ಊರೆಲ್ಲ ಏರಿಯ ಮೇಲೆ ಸೇರಿತು. ತೂಬು ಎತ್ತುವವನು ನೀರುಗಂಟಿ ಕರಿತಿಮ್ಮಯ್ಯ. ಅವನಿಗೆ ಹೊಲವಿಲ್ಲ. ಯಾರ ಜಾಗಕ್ಕೆ ಎಷ್ಟು ಹೊತ್ತು ನೀರು ಎನ್ನುವುದನ್ನು ನೋಡಿ ಬಿಡುವುದು ಅವನ ಮನೆತನದ ಕೆಲಸ, ಕಾಳು ಕೊಡುವುದು ನಮ್ಮ ಕೆಲಸ. ಅವನು ತೂಬಿನ ಕೋಲು ಒಂದು ಗೇಣು ಎತ್ತಿದ. ನಾನು ಮೊದಲ ಕೊಡ ತುಂಬಿಸಿಕೊಂಡೆ. ಪದ್ಧತಿ ಪದ್ಧತಿಯೇ ಎಂದುಕೊಂಡು ಬದು ದಾಟಿ ಸಣ್ಣೀರಮ್ಮನ ಹೊಲಕ್ಕೆ ಇಳಿದೆ. ಅವಳು ಹಳದಿ ಬೋರ್ಡಿನ ಪಕ್ಕ ನಿಂತಿದ್ದಳು. ಕೊಡ ಬಗ್ಗಿಸಲು ಹೋದೆ. ಅವಳು ಕೊಡದ ಬಾಯಿಗೆ ಅಂಗೈ ಅಡ್ಡ ಇಟ್ಟಳು.

“ಇದನ್ನ ಸುರಿದು ಏನಂತೀಯ ತಮ್ಮಯ್ಯ?”

ಆಡಬೇಕಾದ ಮಾತು ಆಡುವ ಹಾಗಿರಲಿಲ್ಲ.

“ಇಷ್ಟು ವರ್ಸ ಈ ಕೊಡ ನೀರನ್ನ ಎಲ್ರೂ ಯಾಕೆ ತಲೆ ಎತ್ಕೊಂಡು ಇಸ್ಕೊಂಡ್ರು ಗೊತ್ತಾ? ಮುಂದಿನ ವರ್ಸ ತೂಬಿನ ಬಾಯಿ ಅವ್ರದ್ದು ಅಂತ. ಅದು ಇಲ್ದಿದ್ ಮ್ಯಾಲೆ ಇದು ಭಿಕ್ಷೆ ಕಣಪ್ಪ. ನಾನು ನಲವತ್ತು ವರ್ಸ ಉತ್ತಿರೋಳು. ಭಿಕ್ಷೆ ಇಸ್ಕಳಲ್ಲ. ತಗಂಡೋಗು.”

ಅವಳು ಕೂಗಲಿಲ್ಲ, ಅಳಲಿಲ್ಲ. ಏರಿಯ ಮೇಲಿದ್ದವರಿಗೆಲ್ಲ ಕೇಳಿಸಿತು. ಕೊಡ ಹಿಡಿದುಕೊಂಡು ನಾನು ವಾಪಸು ಬದು ಹತ್ತಿದೆ. ನನಗೆ ನಾಚಿಕೆಯಾಯಿತು ಎಂದರೆ ಸಾಲದು. ಯುಗಾದಿಯಿಂದ ಸಾಹೇಬರ ಮೇಲೆ, ಕಂಬದ ಮೇಲೆ, ಬೋರಲಿಂಗಯ್ಯನ ಮೇಲೆ ಹಂಚಿಟ್ಟಿದ್ದ ಸಿಟ್ಟೆಲ್ಲ ಒಟ್ಟಿಗೆ ನನ್ನ ಮೇಲೇ ಬಂತು.

ಕೊಡವನ್ನು ಬದುವಿನ ಮೇಲೆ ಇಟ್ಟೆ. ಮನೆಗೆ ಹೋದೆ. ಬೇವಿನ ಸೊಪ್ಪು ಹಾಕಿ ಕಟ್ಟಿಟ್ಟಿದ್ದ ಕುಕ್ಕೆ ಎತ್ತಿಕೊಂಡೆ, ಎತ್ತು ಬಿಚ್ಚಿದೆ. ಸಾಕಮ್ಮ ನೇಗಿಲನ್ನು ಎತ್ತಿ ನನ್ನ ಹೆಗಲಿಗೆ ಇಟ್ಟಳು. ವಾಪಸು ಬಂದು ಕುಕ್ಕೆಯನ್ನು ನನ್ನ ಹೊಲದೊಳಗೆ, ಹಸಿರು ಬೋರ್ಡಿನ ಕೆಳಗೆ ಇಟ್ಟೆ. ಅಲ್ಲಿ ನಿಲ್ಲದೆ ಎತ್ತು ಹೊಡೆದುಕೊಂಡು ಪಕ್ಕದ ಹೊಲಕ್ಕೆ, ಬೋರಲಿಂಗಯ್ಯನ ಹೊಲಕ್ಕೆ ಇಳಿದೆ. ನೇಗಿಲು ಹೂಡಿದೆ.

“ಏಯ್ ಗಿರಿಯಾ, ತಲೆಗಿಲೆ ಕೆಟ್ಟೈತೇನ್ಲಾ?” ಬೋರಲಿಂಗಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದ. “ಇದು ನನ್ ಹೊಲ! ಕಲ್ ನೋಡು, ಕಲ್ ನೆಟ್ಟವ್ರೆ!”

“ಹೊಲ ನಿಂದೇ. ಜಾಗ ಈ ವರ್ಸ ನಂದು. ಹೊಲ ಸರೀದೇ ಹೋದ್ರೆ ನಾವೇ ಸರೀಬೇಕು. ನೀನು ಮೂರಕ್ಕೆ ನಡಿ.”

“ನನ್ ಮಣ್ಣು ಬುಟ್ಬುಟ್ಟು ನಾನ್ಯಾಕ್ಲಾ ಹೋಗ್ಲಿ?”

ಅದನ್ನು ಹೇಳುವ ಹಕ್ಕು ಅವನಿಗಿತ್ತು, ಒಪ್ಪುತ್ತೇನೆ. ನಾವು ಇಷ್ಟು ವರ್ಷ ಸರಿದದ್ದು ನಮ್ಮ ಮಣ್ಣಿನ ಜೊತೆಗೆ. ಮಣ್ಣು ಬಿಟ್ಟು ಹೋದವರು ಯಾರೂ ಇಲ್ಲ. ನನ್ನ ಹೊಲದ ಮೂಲೆಯಲ್ಲಿ ನಮ್ಮಪ್ಪ ನೆಟ್ಟ ಹೊಂಗೆ ಮರವಿದೆ. ಅದು ನನ್ನ ಜೊತೆ ನಲವತ್ತು ಜಾಗ ನೋಡಿದೆ. ಅದನ್ನು ಹಿಂದೆ ಬಿಟ್ಟು ಬಂದು ನಿಂತಿದ್ದೆ. ಆದರೂ ಎತ್ತಿನ ಹಗ್ಗ ಬಿಡಲಿಲ್ಲ.

ಬೋರಲಿಂಗಯ್ಯ ನನ್ನ ಜುಟ್ಟು ಹಿಡಿಯುವುದೊಂದು ಬಾಕಿ ಇತ್ತು. ಆಗ ತೂಬಿನ ಮೇಲಿಂದ ಕರಿತಿಮ್ಮಯ್ಯ ಕೋಲನ್ನು ಕೆಳಕ್ಕೆ ಇಳಿಸಿದ. ನೀರು ನಿಂತಿತು. ಕಾಲುವೆಯ ಸದ್ದು ಅಡಗಿದ್ದಕ್ಕೆ ಎಲ್ಲರೂ ಅತ್ತ ತಿರುಗಿದರು. ಅವನು ಅರಳಿಕಟ್ಟೆಯ ಸಭೆಗೆ ಬಂದಿದ್ದರೂ ಹೊಲವಿಲ್ಲದವನೆಂದು ಯಾರೂ ಅವನನ್ನು ಕೈ ಎತ್ತಲು ಕರೆದಿರಲಿಲ್ಲ.

“ನಮ್ ತಾತನ ಕಾಲದಿಂದ ನಾವು ಜಾಗ ನೋಡಿ ನೀರು ಬುಟ್ಟೋರು” ಎಂದ. “ಕಲ್ ನೋಡಿ ಬುಡದು ನಂಗೆ ಬರಕ್ಕಿಲ್ಲ. ಎಲ್ರೂ ಅವರವರ ಜಾಗದಾಗೆ ನಿಂತ್ಕಳಿ, ಎತ್ತೀನಿ.” ತೂಬಿನ ಕೋಲನ್ನು ಕಳಚಿ ಮಡಿಲಲ್ಲಿ ಇಟ್ಟುಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡ.

ಕಿತ್ತಾಟವಾಯಿತು. ಕೋಲು ಕಿತ್ತುಕೊಳ್ಳೋಣ ಎಂದವರೂ ಇದ್ದರು. ಆದರೆ ಆ ತೂಬು ಅವನ ಕೈಗಲ್ಲದೆ ಬೇರೆಯವರ ಕೈಗೆ ಹದಕ್ಕೆ ಏಳುವುದಿಲ್ಲ, ಹೆಚ್ಚು ಎತ್ತಿದರೆ ಏರಿ ಒಡೆಯುತ್ತದೆ. ಅದು ಎಲ್ಲರಿಗೂ ಗೊತ್ತು. ಮೇಲಿನ ಹತ್ತು ಮಂದಿಯ ಸಸಿಮಡಿಗಳು ನೀರಿಗೆ ಕಾಯುತ್ತಿದ್ದವು. ಬಿಸಿಲು ನೆತ್ತಿಗೆ ಬಂತು. ಯಾರೂ ಜಾಗ ಬಿಟ್ಟು ಕದಲಲಿಲ್ಲ, ನಾನೂ.

ಮೊದಲು ಕದಲಿದವನು ಪಾಲಯ್ಯ. ನಲವತ್ತನೆಯ ಜಾಗದವನು, ಒಂದು ಕಾಲು ಕುಂಟು. ಅರಳಿಕಟ್ಟೆಯಲ್ಲಿ ಎದ್ದ ಆರು ಕೈಯಲ್ಲಿ ಅವನದೂ ಒಂದು. ಊರಲ್ಲಿ ಅವನ ದನಿ ಕೇಳಿದವರೇ ಕಡಿಮೆ. ಗುದ್ದಲಿಯನ್ನು ಊರಿಕೊಂಡು ಕುಂಟುತ್ತ ಬಂದು, ನಲವತ್ತೊಂದನೆಯ ಜಾಗಕ್ಕೆ, ಊರಿನಲ್ಲೇ ಕೆಟ್ಟ ಜಾಗಕ್ಕೆ, ತಾನಾಗಿ ಇಳಿದು ಸಣ್ಣೀರಮ್ಮನ ಮುಂದೆ ನಿಂತ.

“ಏಳಕ್ಕ” ಎಂದ. “ಇದು ಈ ವರ್ಸ ನಂದು. ನೀನು ಎದ್ದೋದ್ರೆ ತಾನೇ ಮುಂದಿನ ವರ್ಸ ನಾನು ಹೋಗದು.”

ಸಣ್ಣೀರಮ್ಮ ಅವನನ್ನು ನೋಡಿದಳು. ತನ್ನ ಹೊಲವನ್ನು ನೋಡಿದಳು. ಸೆರಗಿಗೆ ಒಂದು ಹಿಡಿ ಮಣ್ಣು ಕಟ್ಟಿಕೊಂಡು, ಬಿತ್ತಲೆಂದು ತಂದಿಟ್ಟಿದ್ದ ಹುರುಳಿಯ ಕುಕ್ಕೆಯನ್ನು ಅವನ ಕೈಗೆ ಕೊಟ್ಟಳು. ಬದು ಹತ್ತಿದಳು. ಆಮೇಲೆ ಮೂವತ್ತೊಂಬತ್ತರವಳು ನಲವತ್ತಕ್ಕೆ ಬಂದಳು. ಮೂವತ್ತೆಂಟರವನು ಬಂದ. ಗುಡ್ಡದ ಆಚೆಯಿಂದ ಒಬ್ಬೊಬ್ಬರೇ ಗೊಣಗುತ್ತ, ಕುಕ್ಕೆ ಹೊತ್ತು, ದನ ಹೊಡೆದುಕೊಂಡು ಸರಿಯತೊಡಗಿದ್ದು ಕಾಣಿಸಿತು. ಕೆಲವರು ಬೈದರು. ಕೆಲವರು ಅತ್ತರು, ಮಣ್ಣು ಮುಟ್ಟಿ ಮುಟ್ಟಿ ಬಿಟ್ಟು ಹೋದರು. ಎಲ್ಲರಿಗಿಂತ ಕೊನೆಗೆ ಬೋರಲಿಂಗಯ್ಯ ತನ್ನ ಕುಕ್ಕೆಯನ್ನು ನನ್ನ ಕಾಲ ಬುಡಕ್ಕೆ ಧೊಪ್ಪನೆ ಇಟ್ಟು, “ಮಣ್ಣು ಕೆಡಿಸ್ದೆ ಅಂದ್ರೆ ನೋಡು ಮತ್ತೆ” ಎಂದು ಮೂರಕ್ಕೆ ಹೋದ. ಕೆಡಿಸುವುದಕ್ಕೆ ಆ ಮಣ್ಣಿನಲ್ಲಿ ಏನಿತ್ತು? ಐದು ವರ್ಷದಿಂದ ಆ ಪುಣ್ಯಾತ್ಮ ಒಂದು ಗಾಡಿ ಗೊಬ್ಬರ ಹಾಕಿದ ಹಾಗಿರಲಿಲ್ಲ. ಈಗ ಹಾಕುತ್ತಿರುವವನು ನಾನು.

ಕಂಬಗಳು ಈಗಲೂ ಇವೆ. ಸಾಹೇಬರು ಬಂದು, ಟ್ಯಾಬಿನಲ್ಲಿ ಒಂದು ಹೆಸರು, ಹೊಲದಲ್ಲಿ ಇನ್ನೊಬ್ಬರು ಇರುವುದನ್ನು ನೋಡಿ ಎರಡು ದಿನ ತಲೆ ಹಿಡಿದುಕೊಂಡು ಓಡಾಡಿದರು. ಯಾವ ಕಾನೂನಿನಲ್ಲೂ ಹೊಲ ಬದಲಿಸಿ ಉಳಬಾರದು ಎಂದಿಲ್ಲವಂತೆ. ಮುಂದಿನ ಯುಗಾದಿಗೆ ಮತ್ತೆ ಸರಿಯಬೇಕು, ಮತ್ತೆ ಜಗಳವಾಗುತ್ತದೆ. ಏಳು ವರ್ಷವೂ ಆಗಲಿ, ನನ್ನ ಗಂಟಲು ಗಟ್ಟಿಯಿದೆ.

ಆ ದಿನದ ಕೊನೆಯನ್ನು ಹೇಳಿ ಮುಗಿಸುತ್ತೇನೆ. ಎಲ್ಲರೂ ನಿಂತಾದ ಮೇಲೆ ಕರಿತಿಮ್ಮಯ್ಯ ಎಲೆ ಉಗಿದು ಎದ್ದು ತೂಬು ಎತ್ತಿದ. ಸಣ್ಣೀರಮ್ಮ ನನ್ನ ಹೊಲದಲ್ಲಿ, ನಮ್ಮಪ್ಪನ ಹೊಂಗೆ ಮರದ ಕೆಳಗೆ ನಿಂತಿದ್ದಳು. ನಾನು ಬೆಳಗ್ಗೆ ತುಂಬಿಸಿ ಇಟ್ಟಿದ್ದ ಕೊಡ ಬದುವಿನ ಮೇಲೆ ಹಾಗೇ ಇತ್ತು. ಅದನ್ನು ಚೆಲ್ಲಿ, ಕಾಲುವೆಯ ಹೊಸ ನೀರು ತುಂಬಿಸಿಕೊಂಡಳು. ಗದ್ದೆಗೆ ಒಂದು ಹನಿ ಬೀಳಿಸದೆ ಬದು ದಾಟಿ, ಆಗಿನ ತನಕ ತಾನು ನಿಂತಿದ್ದ ಮಣ್ಣಿಗೇ ಇಳಿದಳು. ಪಾಲಯ್ಯ ತಲೆಯ ಟವಲು ತೆಗೆದು ಹೆಗಲಿಗೆ ಹಾಕಿಕೊಂಡು ನೆಟ್ಟಗೆ ನಿಂತ. ಅವಳು ಕೊಡ ಬಗ್ಗಿಸಿದಳು.

“ಮುಂದಿನ ವರ್ಸ ನಿಂದು” ಎಂದಳು.